ಗುಲಾಬಿಗೆ ಸ್ವಂತ ಬೇರಿರಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಂಗಳದ ಗುಲಾಬಿಯನ್ನು ಕುರಿತು ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಸೊಂಟದೆತ್ತರ ಮೀರದೆ, ಪೊದೆಯಾಗಿ ತುಂಬಿಕೊಂಡು, ಔಷಧಿಯ ಹಂಗಿಲ್ಲದೆ ಗೊಂಚಲು ಹೂ ಬಿಡುವ ಗಟ್ಟಿ ಗಿಡಗಳನ್ನು ಕುರಿತವಾಗಿವೆ. ಅವುಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೂರು ವರ್ಷಗಳ ಹಿಂದೆ ನರ್ಸರಿಯಿಂದ ಕಡುಗೆಂಪು ಗುಲಾಬಿ ತಂದು ನೆಟ್ಟೆ. ಮೊದಲ ವರ್ಷ ಅಂಗೈಯಗಲದ ಹೂ ಬಿಟ್ಟಿತು. ಈಗ ಆಳೆತ್ತರ ಬೆಳೆದು, ತಿಳಿ ಬಣ್ಣದ ಚಿಕ್ಕ ಹೂ ಬಿಡುತ್ತಿದೆ. ಗಿಡ ಬಣ್ಣ ಬದಲಿಸಿತೇ? ಇದನ್ನು ತೆಗೆದು ಹೆಚ್ಚು ಆರೈಕೆ ಬೇಡದ ಪೊದೆ ಗುಲಾಬಿ ಹಾಕುವುದಾದರೆ ಯಾವುದನ್ನು ಹಾಕಲಿ? (ಮೈಸೂರು)

ಗಿಡ ಬಣ್ಣ ಬದಲಿಸಿಲ್ಲ. ನೀವು ತಂದ ಗಿಡ ಸತ್ತುಹೋಗಿ, ಅದನ್ನು ಹೊತ್ತಿದ್ದ ಗಿಡ ಉಳಿದುಕೊಂಡಿದೆ. ನರ್ಸರಿಯಲ್ಲಿ ಸಿಗುವ ದೊಡ್ಡ ಹೂವಿನ ಗುಲಾಬಿಗಳಲ್ಲಿ ಬಹುಪಾಲು ಕಣ್ಣು ಕಸಿಯವು. ಬಿರುಸಾಗಿ ಬೆಳೆಯುವ ಬೇರೊಂದು ಗುಲಾಬಿಯ ತೊಗಟೆಯನ್ನು ಸೀಳಿ, ಬೇಕಾದ ತಳಿಯ ಒಂದೇ ಒಂದು ಕಣ್ಣನ್ನು ಅದರೊಳಗೆ ಕೂರಿಸಿ ಕಟ್ಟುತ್ತಾರೆ. ಹಾಗಾಗಿ ಮೇಲಿನ ಗಿಡ ಒಂದು, ಬೇರು ಇನ್ನೊಂದರದು. ಬುಡದ ಮಣ್ಣನ್ನು ಕೈಯಿಂದ ಕೆದಕಿ ನೋಡಿ, ಉಬ್ಬಿದ ಗಂಟೊಂದು ಕಾಣುತ್ತದೆ. ಗಂಟಿನ ಮೇಲಿನ ಭಾಗ ಕಂದು ಬಣ್ಣಕ್ಕೆ ತಿರುಗಿ ಒಣಗಿರುತ್ತದೆ, ಈಗಿರುವ ಕೊಂಬೆಗಳೆಲ್ಲ ಗಂಟಿನ ಕೆಳಗಿನಿಂದ ಎದ್ದಿರುತ್ತವೆ. ಅಂಥ ಚಿಗುರು ಮೊದಲ ಬಾರಿಗೆ ಕಾಣಿಸಿಕೊಂಡಾಗಲೇ, ಅದು ಹುಟ್ಟಿದ ಜಾಗದವರೆಗೆ ಮಣ್ಣು ಸರಿಸಿ, ಕೆಳಮುಖವಾಗಿ ಎಳೆದು ಕಿತ್ತುಹಾಕಬೇಕಿತ್ತು. ಕತ್ತರಿಯಿಂದ ಮೇಲಷ್ಟೇ ಕತ್ತರಿಸಿದರೆ ಬುಡದಲ್ಲಿ ಉಳಿದ ಕಣ್ಣುಗಳಿಂದ ಒಂದರ ಬದಲು ಮೂರು ಏಳುತ್ತವೆ.

ಆದರೆ ಈಗ ಉಳಿದಿರುವ ಗಿಡವನ್ನು ಅಗೆದು ತೆಗೆಯುವ ಮುನ್ನ ಒಮ್ಮೆ ಅದರ ಹೂವನ್ನು ಮೂಸಿ ನೋಡಿರೆಂದು ಕೇಳಿಕೊಳ್ಳುತ್ತೇನೆ. ನಮ್ಮ ದೇಶದಲ್ಲಿ ಬೇರುಸಸಿಯಾಗಿ, ಅಂದರೆ ಕಸಿಯನ್ನು ಹೊರುವ ಬೇರಿನ ಗಿಡವಾಗಿ, ಬಳಸುವ ಗುಲಾಬಿಗಳಲ್ಲಿ ಎಡ್ವರ್ಡ್ ಕೂಡ ಒಂದು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಚೀನಾ ಗುಲಾಬಿಯೂ ಡಮಾಸ್ಕ್ ಗುಲಾಬಿಯೂ ತಾವಾಗಿಯೇ ಬೆರೆತು ಹುಟ್ಟಿದ ತಳಿ ಅದು. ಹೂ ಗುಲಾಬಿ ಬಣ್ಣದ್ದಾಗಿ, ಬಟ್ಟಲಿನ ಆಕಾರದಲ್ಲಿದ್ದು, ಗಾಢವಾದ ಪರಿಮಳವಿದ್ದರೆ ಅದನ್ನು ಅಂಗಳದ ಮೂಲೆಯಲ್ಲಿ ಉಳಿಸಿಕೊಳ್ಳಿ. ಚಿಕ್ಕ ಬಿಳಿ ಹೂವಿನ ಕಾಡು ಗೊಂಚಲಾಗಿದ್ದರೆ ಮಾತ್ರ ತೆಗೆಯಿರಿ.

ಹೊಸದಾಗಿ ಹಾಕುವುದಕ್ಕೆ ನನ್ನ ಸಲಹೆ ಒಂದೇ: ಯಾವ ತಳಿಯನ್ನೇ ಆರಿಸಿದರೂ ಕಡ್ಡಿಯಿಂದ ಬೇರೊಡೆಸಿದ, ಸ್ವಂತ ಬೇರಿನ ಗಿಡವನ್ನೇ ಕೇಳಿ ತನ್ನಿ. ನಮ್ಮಲ್ಲಿ ಬಟನ್ ರೋಸ್ ಎಂದು ಕರೆಯುವ ಪುಟ್ಟ ಹೂವಿನ ಗಿಡಗಳು, ಪಾಲಿಯಾಂಥಾ ಎಂಬ ಗೊಂಚಲು ಹೂವಿನ ಕುಳ್ಳ ಗುಲಾಬಿಗಳು ಮತ್ತು ಹಳೆಯ ಪನ್ನೀರು ಗುಲಾಬಿ ಸ್ವಂತ ಬೇರಿನ ಮೇಲೆ ಚೆನ್ನಾಗಿ ಬದುಕುತ್ತವೆ. ಫ್ರಾನ್ಸಿನ ಲಿಯಾನ್ ನಗರದ ಗಿಯೋ ಎಂಬ ತಳಿಗಾರರು 1867ರಲ್ಲಿ ‘ಲಾ ಫ್ರಾನ್ಸ್’ ಎಂಬ ಗುಲಾಬಿಯನ್ನು ಹೊರತಂದರು. ಇಂದಿನ ಅಂಗಡಿಗಳ ಉದ್ದ ದಂಟಿನ, ಒಂಟಿ ಹೂವಿನ ಹೈಬ್ರಿಡ್ ಟೀ ವರ್ಗ ಶುರುವಾದದ್ದು ಅದರಿಂದಲೇ ಎನ್ನುವುದು ರೂಢಿ. ಅದೇ ಗಿಯೋ 1875ರಲ್ಲಿ ‘ಪಾಕೆರೆಟ್’ ಎಂಬ ಕುಳ್ಳ ಗುಲಾಬಿಯನ್ನೂ ಕೊಟ್ಟರು, ಪಾಲಿಯಾಂಥಾ ವರ್ಗ ಆರಂಭವಾದದ್ದು ಅದರಿಂದ. ಒಂದೇ ಕೈಯಿಂದ ಬಂದ ಈ ಎರಡರಲ್ಲಿ ಹೂದಾನಿಗೆ ಮೊದಲನೆಯದು ಸರಿ, ಅಂಗಳಕ್ಕೆ ಎರಡನೆಯದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಯ ಗುಲಾಬಿಯನ್ನು ನಾವು ನೋಡುವುದು ಗಿಡವಾಗಿ. ಹೂವಿಲ್ಲದ ದಿನವೂ ಅದು ಹಸಿರಾಗಿ, ಬುಡದವರೆಗೆ ಎಲೆ ತುಂಬಿಕೊಂಡು ನಿಂತಿರಬೇಕು.

ನೀವೇ ಕಡ್ಡಿ ನೆಡುವುದಾದರೆ ಈಗಷ್ಟೇ ಹೂ ಉದುರಿದ ಕೊಂಬೆಯನ್ನು ಆರಿಸಿ. ಪೆನ್ಸಿಲ್ಲಿನ ದಪ್ಪದ, ಆರರಿಂದ ಎಂಟು ಅಂಗುಲದ, ನಾಲ್ಕು ಕಣ್ಣುಗಳಿರುವ ತುಂಡು ಸಾಕು. ಕೆಳತುದಿಯನ್ನು ಕಣ್ಣಿನ ಕೆಳಗೇ ಓರೆಯಾಗಿ ಕೊಯ್ದು, ಮೇಲಿನ ಎರಡು ಎಲೆಗಳನ್ನುಳಿಸಿ ಮಿಕ್ಕವನ್ನು ತೆಗೆದು, ಮರಳು ಮತ್ತು ತೆಂಗಿನ ನಾರಿನ ಪುಡಿಯನ್ನು ಸಮವಾಗಿ ಬೆರೆಸಿದ ಕುಂಡದಲ್ಲಿ ಎರಡು ಕಣ್ಣು ಮುಳುಗುವಂತೆ ಊರಿರಿ. ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಮುಚ್ಚಿ, ನೆರಳಿನಲ್ಲಿಡಿ. ಎರಡು ಮೂರು ವಾರಗಳಲ್ಲಿ ಕೊಯ್ದ ತುದಿಯ ಸುತ್ತ ಬಿಳಿಯ ಗಂಟು ಬಳೆಯಂತೆ ಕಟ್ಟಿಕೊಳ್ಳುತ್ತದೆ, ಬೇರು ಒಡೆಯುವುದು ಅದಾದ ಮೇಲೆ. ಮೇಲೆ ಚಿಗುರು ಕಂಡಿತೆಂದು ಕಡ್ಡಿಯನ್ನು ಎಳೆದು ನೋಡಬೇಡಿ; ಕಡ್ಡಿಯೊಳಗಿನ ಸತ್ವದಿಂದಲೇ ಮೊದಲ ಚಿಗುರು ಬರುತ್ತದೆ, ಆ ಹೊತ್ತಿಗೆ ಬೇರು ಇನ್ನೂ ಬಂದಿರುವುದಿಲ್ಲ.

ನಮ್ಮ ಹಳೆಯ ಮನೆಯ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವಲ್ಲಿ ಪನ್ನೀರು ಗುಲಾಬಿಯ ಪೊದೆಯೊಂದಿತ್ತು. ಅಜ್ಜಿ ಅದನ್ನು ತಂದದ್ದು ನೆರೆಮನೆಯಿಂದ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಗೇಣು ಕಡ್ಡಿಯಾಗಿ. ಅದರಿಂದ ಅಮ್ಮ ಎಷ್ಟು ಮನೆಗಳಿಗೆ ಕಡ್ಡಿ ಕೊಟ್ಟರೋ ಲೆಕ್ಕವಿಲ್ಲ. ಬುಡದವರೆಗೆ ಕಡಿದರೂ ಅದು ಮತ್ತೆ ಅದೇ ಗಿಡವಾಗಿ ಎದ್ದು ಬರುತ್ತಿತ್ತು, ಏಕೆಂದರೆ ಅದರ ಕೆಳಗೆ ಬೇರೆ ಗಿಡವಿರಲಿಲ್ಲ.

ಪ್ರಶ್ನೆ: ನಮ್ಮದು ಎರೆ ಮಣ್ಣು, ಬೋರ್‌ವೆಲ್ ನೀರು. ಗುಲಾಬಿಯ ಎಲೆಗಳು ಹಳದಿಯಾಗುತ್ತಿವೆ. ಎಪ್ಸಮ್ ಉಪ್ಪು ಹಾಕಿದರೆ ಸರಿಹೋಗುವುದೇ? (ವಿಜಯಪುರ)

ಮೊದಲು ಯಾವ ಎಲೆ ಹಳದಿಯಾಗಿದೆ ಎಂದು ನೋಡಿ. ಎಪ್ಸಮ್ ಉಪ್ಪು ಕೊಡುವುದು ಮೆಗ್ನೀಷಿಯಂ. ಅದರ ಕೊರತೆ ಕಾಣುವುದು ಕೆಳಗಿನ ಹಳೆಯ ಎಲೆಗಳಲ್ಲಿ. ತುದಿಯ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಬಲೆಯಂತೆ ಕಾಣುತ್ತಿದ್ದರೆ ಅದು ಕಬ್ಬಿಣದ ಕೊರತೆ, ನಿಮ್ಮ ಮಣ್ಣಿನಲ್ಲಿ ಅದೇ ಆಗಿರುವ ಸಂಭವ ಹೆಚ್ಚು. ಎರೆ ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ. ಸುಣ್ಣದ ಅಂಶ ಹೆಚ್ಚಿರುವ ಕ್ಷಾರ ಮಣ್ಣಿನಲ್ಲಿ ಅದು ಬೇರಿಗೆ ದಕ್ಕದ ರೂಪದಲ್ಲಿರುತ್ತದೆ. ಗುಲಾಬಿಗೆ ಹಿತವಾದ ರಸಸಾರ, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ (pH), 6ರಿಂದ 6.5, ಎರೆ ಮಣ್ಣಿನಲ್ಲಿ ಅದು ಸಾಮಾನ್ಯವಾಗಿ 8ನ್ನು ದಾಟಿರುತ್ತದೆ, ಗಡಸು ನೀರು ಅದನ್ನು ಇನ್ನಷ್ಟು ಕೆಡಿಸುತ್ತದೆ.

ಚೀಲೇಟ್ ರೂಪದ, ಅಂದರೆ ಗಿಡಕ್ಕೆ ಸುಲಭವಾಗಿ ದಕ್ಕುವಂತೆ ಮಾಡಿದ, ಕಬ್ಬಿಣವನ್ನು ಎಲೆಗೆ ಸಿಂಪಡಿಸಿದರೆ ಕೆಲವು ವಾರ ಹಸಿರು ಮರಳುತ್ತದೆ, ಆದರೆ ಅದು ತಾತ್ಕಾಲಿಕ. ಶಾಶ್ವತ ಪರಿಹಾರವೆಂದರೆ ನೆಲದ ಮೇಲೆ ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟಿ, ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಮರಳನ್ನು ತುಂಬಿ, ಅದರಲ್ಲಿ ಗಿಡ ನೆಡುವುದು. ಎರೆ ಮಣ್ಣು ಮಳೆಯಲ್ಲಿ ಉಬ್ಬಿ ಬೇರಿಗೆ ಗಾಳಿಯಾಡದಂತೆ ಮಾಡುವ ತೊಂದರೆಯೂ ಇದರಿಂದ ತಪ್ಪುತ್ತದೆ. ಚಾವಣಿಯ ಮಳೆನೀರನ್ನು ಹಿಡಿದಿಡುವ ಅನುಕೂಲವಿದ್ದರೆ ಅದನ್ನು ಗುಲಾಬಿಗೆ ಮೀಸಲಿಡಿ.

ಪ್ರಶ್ನೆ: ಜೂನ್ ಬಂದರೆ ಎಲೆಗಳ ಮೇಲೆ ಕಪ್ಪು ಚುಕ್ಕೆಗಳೆದ್ದು ಗಿಡ ಬೋಳಾಗುತ್ತದೆ. ಕರಾವಳಿಯಲ್ಲಿ ಗುಲಾಬಿ ಬೆಳೆಯಲು ಸಾಧ್ಯವೇ ಇಲ್ಲವೇ? (ಉಡುಪಿ)

ಸಾಧ್ಯವಿದೆ, ಆದರೆ ಜಾಗ ಮತ್ತು ತಳಿ ಎರಡನ್ನೂ ಮಳೆಯನ್ನು ನೆನಪಿಟ್ಟುಕೊಂಡೇ ಆರಿಸಬೇಕು. ಅಂಚು ಹರಿದಂತಿರುವ ಕಪ್ಪು ಚುಕ್ಕೆ, ಅದರ ಸುತ್ತ ಹಳದಿ, ಆಮೇಲೆ ಎಲೆ ಉದುರುವುದು, ಇದು ಶಿಲೀಂಧ್ರದಿಂದ ಬರುವ ರೋಗ. ಅದರ ಬೀಜಕಣ ಮೊಳೆತು ಎಲೆಯೊಳಗೆ ಇಳಿಯಬೇಕಾದರೆ ಎಲೆ ಸುಮಾರು ಏಳು ಗಂಟೆಯಾದರೂ ಒದ್ದೆಯಾಗಿಯೇ ಇರಬೇಕು. ನಿಮ್ಮ ಮಳೆಗಾಲದಲ್ಲಿ ಅದಕ್ಕೆ ಬೇಕಾದ ಒದ್ದೆ ದಿನವಿಡೀ ಸಿಗುತ್ತದೆ. ಆದ್ದರಿಂದ ಎಲೆ ಬೇಗ ಒಣಗುವಂತೆ ಮಾಡುವುದೇ ಚಿಕಿತ್ಸೆಯ ಅರ್ಧ ಭಾಗ. ಗಿಡಗಳನ್ನು ಕುಂಡದಲ್ಲಿ ಬೆಳೆಸಿ, ಮಳೆಗಾಲದಲ್ಲಿ ಮಾಡಿನ ಅಂಚಿನ ಒಳಗೆ, ಪೂರ್ವದ ಬೆಳಕು ಬೀಳುವಲ್ಲಿ, ಇಟ್ಟಿಗೆಯ ಮೇಲಿಡಿ. ಉದುರಿದ ಎಲೆಗಳನ್ನು ಅಂದಂದೇ ಆರಿಸಿ ಸುಟ್ಟುಬಿಡಿ; ರೋಗ ಮುಂದಿನ ಚಿಗುರಿಗೆ ಹಾರುವುದು ಅವುಗಳಿಂದಲೇ. ಮಳೆಯ ನಡುವೆ ಕೊಂಬೆ ಸವರಬೇಡಿ, ಕೊಯ್ದ ಗಾಯದಿಂದ ತುದಿ ಒಣಗುವ ರೋಗ ಇಳಿಯುತ್ತದೆ.

ಗುಲಾಬಿ ಎಂದರೆ ಚಳಿ ನಾಡಿನ ಗಿಡ ಎಂಬ ಭಾವನೆ ನಮ್ಮಲ್ಲಿದೆ. ಆದರೆ ನಮ್ಮ ದೇಶದ್ದೇ ಆದ ರೋಸಾ ಕ್ಲೈನೊಫಿಲ್ಲಾ ಎಂಬ ಕಾಡು ಗುಲಾಬಿ ಬಂಗಾಳದ ಬಯಲಿನಲ್ಲಿ, ನದಿ ದಂಡೆಯಲ್ಲಿ, ನೀರು ನಿಲ್ಲುವ ಜಾಗದಲ್ಲೂ ಬೆಳೆಯುತ್ತದೆ. ಕೊಡೈಕೆನಾಲಿನ ವೀರರಾಘವನ್ ದಂಪತಿ ಬಿಸಿ ನಾಡಿಗೆ ಒಗ್ಗುವ ಗುಲಾಬಿಗಳಿಗಾಗಿ ದಶಕಗಳ ಕಾಲ ಇದನ್ನು ಬಳಸಿ ತಳಿಸಂಕರ ಮಾಡಿದ್ದಾರೆ. ಇಂಥ ಗಿಡಗಳು ನಮ್ಮ ಊರಿನ ನರ್ಸರಿಗಳಿಗೂ ಬರಬೇಕೆಂಬುದು ನನ್ನ ಬಹುದಿನಗಳ ಆಸೆ. ಅಲ್ಲಿಯವರೆಗೆ ಬಟನ್ ರೋಸನ್ನೇ ನಂಬಿ. ಅದರಲ್ಲೂ ಚುಕ್ಕೆ ಬರುತ್ತದೆ, ಆದರೆ ಎಲೆ ಉದುರಿದಷ್ಟೇ ಬೇಗ ಮತ್ತೆ ಚಿಗುರುತ್ತದೆ.

ಪ್ರಶ್ನೆ: ಬಾಲ್ಕನಿಯಲ್ಲಿ ನಾಲ್ಕು ಗಂಟೆ ಬಿಸಿಲು ಬರುತ್ತದೆ. ಎಷ್ಟು ದೊಡ್ಡ ಕುಂಡ ಬೇಕು? ಚಹಾ ಚರಟ ಮತ್ತು ಮೊಟ್ಟೆ ಚಿಪ್ಪು ಹಾಕಬಹುದೇ? (ಬೆಂಗಳೂರು)

ಹನ್ನೆರಡು ಅಂಗುಲದ ಕುಂಡ ಸಾಕು. ಬಿಸಿಲು ಐದಾರು ಗಂಟೆಯಿದ್ದರೆ ಉತ್ತಮ. ನಾಲ್ಕು ಗಂಟೆಯಲ್ಲಿ ಬಟನ್ ರೋಸ್ ಹೂ ಬಿಡುತ್ತದೆ, ದೊಡ್ಡ ಹೂವಿನ ತಳಿ ಬರೀ ಉದ್ದವಾಗುತ್ತದೆ. ಹಾಲು ಸಕ್ಕರೆ ಬೆರೆತ ಚರಟಕ್ಕೆ ಇರುವೆ ಮುತ್ತುತ್ತದೆ, ತೊಳೆದು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಮೊಟ್ಟೆ ಚಿಪ್ಪು ಕರಗಲು ಬಹಳ ಕಾಲ ಬೇಕು, ಅದನ್ನು ಗೊಬ್ಬರವೆಂದು ನೆಚ್ಚಬೇಡಿ. ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಕೊಡಿ. ಕೊಂಬೆಗಳನ್ನು ಅಕ್ಟೋಬರಿನಲ್ಲಿ, ಮಳೆ ಹಿಂದಾದ ಮೇಲೆ, ಮೂರನೇ ಒಂದು ಭಾಗದಷ್ಟು ಮಾತ್ರ ಸವರಿ. ದೊಡ್ಡ ಹೂವಿನ ಗುಲಾಬಿಯಂತೆ ಮೋಟು ಮಾಡಬೇಕಾಗಿಲ್ಲ. ಸವರಿದ ಸುಮಾರು 45 ದಿನಗಳಿಗೆ ಹೂ ಬರುತ್ತದೆ.

ಪ್ರಶ್ನೆ: ನಾವು ಕೆನಡಾದ ವಿನಿಪೆಗ್‌ನಲ್ಲಿದ್ದೇವೆ. ಚಳಿಗಾಲದಲ್ಲಿ ಇಲ್ಲಿ ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ ಹೋಗುತ್ತದೆ. ಅಮ್ಮ ಬಂದಾಗ ತೋರಿಸಲು ಅಂಗಳದಲ್ಲಿ ಒಂದಾದರೂ ಗುಲಾಬಿ ಬೇಕೆಂಬ ಆಸೆ.

ನಿಮ್ಮ ಊರು ಇದಕ್ಕೆ ಬಹಳ ಅನುಕೂಲವಾದದ್ದು. ನಿಮ್ಮದೇ ಮ್ಯಾನಿಟೋಬಾ ಪ್ರಾಂತದ ಮೋರ್ಡನ್‌ನಲ್ಲಿರುವ ಕೃಷಿ ಸಂಶೋಧನಾ ಕೇಂದ್ರ ಅಲ್ಲಿಯ ಹುಲ್ಲುಗಾವಲು ಪ್ರದೇಶದ ಚಳಿಗೆಂದೇ ಪಾರ್ಕ್‌ಲ್ಯಾಂಡ್ ಎಂಬ ಸರಣಿಯ ಪೊದೆ ಗುಲಾಬಿಗಳನ್ನು ರೂಪಿಸಿತು. ಆ ಸರಣಿಯಲ್ಲಿ ನಿಮ್ಮ ನಗರದ ಹೆಸರನ್ನೇ ಹೊತ್ತ ‘ವಿನಿಪೆಗ್ ಪಾರ್ಕ್ಸ್’ ಕುಳ್ಳಾದ, ಒತ್ತಾದ ಗಿಡ. ಚಳಿಯಲ್ಲಿ ಹಿಮದ ಮೇಲೆ ಉಳಿದ ಕೊಂಬೆಗಳು ಸಾಯಬಹುದು, ಗಾಬರಿಯಾಗಬೇಡಿ. ಸ್ವಂತ ಬೇರಿನ ಗಿಡವಾದರೆ ವಸಂತದಲ್ಲಿ ನೆಲದಿಂದ ಮತ್ತೆ ಅದೇ ಹೂವಿನ ಗಿಡ ಏಳುತ್ತದೆ. ಕಸಿ ಗಿಡವಾದರೆ ಮೈಸೂರಿನವರಿಗೆ ಆದದ್ದೇ ನಿಮಗೂ ಆಗುತ್ತದೆ. ಆದ್ದರಿಂದ ಕೊಳ್ಳುವಾಗ ಅದೊಂದನ್ನು ಕೇಳಿ ತಿಳಿದುಕೊಳ್ಳಿ.

ನೆಡುವುದು ಹಿಮ ಕರಗಿ ಮಣ್ಣು ಬೆಚ್ಚಗಾದ ಮೇಲೆ. ಆಗಸ್ಟ್ ನಡುವಿನಿಂದ ಗೊಬ್ಬರ ನಿಲ್ಲಿಸಿ, ಇಲ್ಲವಾದರೆ ಎಳೆಯ ಚಿಗುರು ಬಲಿಯುವ ಮೊದಲೇ ಚಳಿಗೆ ಸಿಗುತ್ತದೆ. ನೆಲ ಹೆಪ್ಪುಗಟ್ಟುವ ಮುನ್ನ ಬುಡಕ್ಕೆ ಒಂದು ಅಡಿಯಷ್ಟು ಮಣ್ಣು ಏರಿಸಿ, ಅದರ ಮೇಲೆ ಒಣ ಎಲೆ ಹರವಿ, ದಾರಿಯಿಂದ ಎತ್ತಿದ ಉಪ್ಪಿಲ್ಲದ ಹಿಮವನ್ನೂ ಸುರಿಯಿರಿ. ಹಿಮದ ಹೊದಿಕೆಯ ಕೆಳಗೆ ಬೇರು ಹೊರಗಿನ ಗಾಳಿಗಿಂತ ಎಷ್ಟೋ ಬೆಚ್ಚಗಿರುತ್ತದೆ. ಅಮ್ಮನವರನ್ನು ಜೂನ್ ಕೊನೆಯ ಹೊತ್ತಿಗೆ ಕರೆಸಿಕೊಳ್ಳಿ, ಮೊದಲ ಹೂವಿನ ಕಾಲ ಅದು.