ರುಬಾರ್ಬ್ ಬೇಡ, ಅಂಗಳದಾಗ ಪುಂಡಿ ಹಾಕಿ

ಪ್ರಶ್ನೆ: ವಿದೇಶದಲ್ಲಿರುವ ತಂಗಿಯ ಮಕ್ಕಳು ರುಬಾರ್ಬ್ ಬೆಳೆದು, ಅದರ ಹುಳಿ ದಂಟಿನಿಂದ ಅಡುಗೆ ಮಾಡ್ತಾರೆ, ಆಟ ಆಡ್ತಾರೆ. ನಮ್ಮ ಆರು ಮತ್ತು ಒಂಬತ್ತು ವರ್ಷದ ಮಕ್ಕಳೂ ಹಟ ಹಿಡಿದಾರೆ. ಕಲಬುರಗಿಯಲ್ಲಿ ಅದು ಬೆಳೆದೀತೇ?

ಉತ್ತರ: ಬೆಳೆಯುವುದಿಲ್ಲ. ರುಬಾರ್ಬ್ ಚೆನ್ನಾಗಿ ಚಿಗುರಲು ಗಡ್ಡೆಗೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯನ್ನು ಅದು ತಾಳದು. ಅದರ ಎಲೆಯೂ ವಿಷ, ದಂಟನ್ನಷ್ಟೇ ತಿನ್ನಬೇಕು. ಚಿಕ್ಕ ಮಕ್ಕಳಿರುವ ಮನೆಗೆ ನಮ್ಮ ಪುಂಡಿಯೇ (ಗೋಂಗುರ ಎನ್ನುವ ಹುಳಿ ಸೊಪ್ಪಿನ ಗಿಡ) ಮೇಲು: ಅದೇ ಹುಳಿ, ಎಲೆ ತಿನ್ನಲು ಬರುತ್ತದೆ, ದಂಟು ನಾರಾಗುತ್ತದೆ.

ಬೀಜವನ್ನು ರಾತ್ರಿ ನೆನೆಹಾಕಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಕ್ಕಳು ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಎರಡೆರಡು ಬೀಜ ಊರಲಿ. ವಾರದೊಳಗೆ ಮೊಳೆಯುತ್ತದೆ. ಗಿಡದಿಂದ ಗಿಡಕ್ಕೆ ಒಂದು ಗೇಣು ಬಿಟ್ಟು ಉಳಿದದ್ದನ್ನು ಕೀಳಿ. ಕುಂಡದಲ್ಲಿ ಬರೀ ಎರೆಮಣ್ಣು ತುಂಬಿದರೆ ನೀರು ನಿಂತು ಬುಡ ಕೊಳೆಯುತ್ತದೆ. ಮೂರರಲ್ಲಿ ಒಂದು ಪಾಲು ಮರಳು, ಒಂದು ಪಾಲು ತಿಪ್ಪೆಗೊಬ್ಬರ ಬೆರೆಸಿ. ಗಿಡ ಮೊಳಕಾಲೆತ್ತರ ಬಂದಾಗ ತುದಿ ಚಿವುಟಿಸಿ, ಪಕ್ಕದ ಕುಡಿಗಳು ಒಡೆಯುತ್ತವೆ. ನಾರಿಗೆಂದು ನಾಲ್ಕು ಗಿಡ ಮಾತ್ರ ಚಿವುಟದೆ ನೆಟ್ಟಗೆ ಬೆಳೆಯಲು ಬಿಡಿ.

ಅಡುಗೆಗೆ ನಾಲ್ಕು ಹಿಡಿ ಎಳೆಯ ಎಲೆ, ಅರ್ಧ ಕಪ್ ತೊಗರಿ ಬೇಳೆ, ಎರಡು ಚಮಚ ಜೋಳದ ನುಚ್ಚು, ನಾಲ್ಕು ಹಸಿಮೆಣಸಿನಕಾಯಿ ಸಾಕು. ಎಲೆ ಬಿಡಿಸುವುದು, ತೊಳೆಯುವುದು ಮಕ್ಕಳ ಪಾಲು. ಬೇಳೆ, ನುಚ್ಚು ಮೊದಲು ಪೂರ್ತಿ ಬೇಯಲಿ. ಎಲ್ಲ ಒಟ್ಟಿಗೇ ಹಾಕಿದರೆ ಹುಳಿಗೆ ಬೇಳೆ ಮೆತ್ತಗಾಗುವುದಿಲ್ಲ. ಪಲ್ಲೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಎಲೆಯನ್ನು ಬೇರೆ ಬೇಯಿಸಿ ನೀರು ಬಸಿದರೆ ಹುಳಿ ಮಕ್ಕಳ ನಾಲಿಗೆಗೆ ಹಿಡಿಸುವಷ್ಟಾಗುತ್ತದೆ. ಆಮೇಲೆ ಎರಡನ್ನೂ ಕೂಡಿಸಿ, ಉಪ್ಪು ಹಾಕಿ, ಪಾತ್ರೆ ಕೆಳಗಿಳಿಸಿ ಸ್ವಲ್ಪ ಆರಿದ ಮೇಲೆ ಮಕ್ಕಳ ಕೈಗೆ ಕಡಗೋಲು ಕೊಡಿ. ಬೆಳ್ಳುಳ್ಳಿ ಒಗ್ಗರಣೆ ಮಾತ್ರ ನೀವೇ ಹಾಕಿ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆ ಬೇಡ. ಹುಳಿ ಲೋಹವನ್ನು ಕರಗಿಸುತ್ತದೆ.

ಬಣ್ಣದ ಆಟಕ್ಕೆ ಕೆಂಪು ಪುಂಡಿಯ ಕಾಯಿ ಸುತ್ತಲಿನ ದಪ್ಪ ಎಸಳು ಬೇಕು. ಅದಿಲ್ಲದಿದ್ದರೆ ಕೆಂಪು ದಾಸವಾಳ ನಡೆಯುತ್ತದೆ. ಹತ್ತು ಎಸಳನ್ನು ಒಂದು ಕಪ್ ನೀರಲ್ಲಿ ಐದು ನಿಮಿಷ ಕುದಿಸಿ, ಸೋಸಿ, ಮೂರು ಗಾಜಿನ ಲೋಟಕ್ಕೆ ಹಾಕಿ. ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ. ಹುಳಿಗೆ ಕೆಂಪು ಹೊಳೆಯುತ್ತದೆ, ಸೋಡಾಕ್ಕೆ ನೇರಳೆಗೆ, ಆಮೇಲೆ ನೀಲಿ-ಹಸಿರಿಗೆ ತಿರುಗುತ್ತದೆ. ಮೂರನೆಯದು ಹೋಲಿಸಲಿಕ್ಕೆ. ದ್ರಾವಣ ತೀರ ಗಾಢವಿದ್ದರೆ ಬದಲಾವಣೆ ಕಾಣುವುದಿಲ್ಲ, ನೀರು ಬೆರೆಸಿ ತಿಳಿಯಾಗಿಸಿ. ದಾಸವಾಳಕ್ಕೆ ಬೋರ್‌ವೆಲ್ ನೀರು ಬಳಸಿದರೆ ಮೊದಲೇ ಬಣ್ಣ ಮಂಕಾಗಬಹುದು. ಫಿಲ್ಟರ್ ನೀರು ತಗೊಳ್ಳಿ.

ಉಳಿಸಿದ ನಾಲ್ಕು ಗಿಡ ಹೂ ಬಿಡತೊಡಗಿದಾಗ ಕೊಯ್ದು, ಎಲೆ ಸವರಿ, ದಂಟನ್ನು ನೀರಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿ. ಹತ್ತು ದಿನದ ನಂತರ ದಿನಾ ಒಂದು ದಂಟು ನೋಡಿ: ಸಿಪ್ಪೆ ಕಡ್ಡಿಯಿಂದ ಸಲೀಸಾಗಿ ಜಾರಿದರೆ ಹದ. ಬೇಗ ತೆಗೆದರೆ ನಾರು ಬಿಡುವುದಿಲ್ಲ, ತಡವಾದರೆ ಕೊಳೆತು ಹರಿಯುತ್ತದೆ. ನೀರು ನಾರುತ್ತದೆ, ಸೊಳ್ಳೆಯೂ ಮೊಟ್ಟೆ ಇಡುತ್ತದೆ; ಬಕೆಟ್ ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿ, ಮುಚ್ಚದ ಬಕೆಟ್ ಹತ್ತಿರ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ತೊಳೆದು ನೆರಳಲ್ಲಿ ಒಣಗಿಸಿದ ನಾರನ್ನು ಮೂರು ಎಳೆ ಮಾಡಿ ಜಡೆಯಂತೆ ಹೆಣೆಯುವುದು ಒಂಬತ್ತು ವರ್ಷದ ಮಗುವಿಗೆ ಸಲೀಸು. ಚಿಕ್ಕದು ತುದಿ ಹಿಡಿದುಕೊಂಡರೆ ಸಾಕು.

ಪ್ರಶ್ನೆ: ಬೀದರ್‌ನಲ್ಲಿ ಸೆಪ್ಟೆಂಬರ್‌ನಲ್ಲಿ ಪುಂಡಿ ಬಿತ್ತಿದ್ದೆವು. ಮೊಳಕಾಲೆತ್ತರಕ್ಕೇ ಹೂ ಬಂತು, ಎಲೆ ಕಡಿಮೆ. ಗೊಬ್ಬರ ಸಾಲಲಿಲ್ಲವೇ?

ಉತ್ತರ: ಗೊಬ್ಬರದ ದೋಷವಲ್ಲ. ಹಗಲು ಚಿಕ್ಕದಾದರೆ ಪುಂಡಿ ಎಷ್ಟೇ ಎಳೆಯದಿದ್ದರೂ ಹೂವಿಗೆ ತಿರುಗುತ್ತದೆ. ಈಗ ಯೂರಿಯಾ ಸುರಿದೂ ಪ್ರಯೋಜನವಿಲ್ಲ. ಬೀಜ ಒಣಗಲು ಬಿಟ್ಟು ಎತ್ತಿಡಿ, ಮುಂದಿನ ಜೂನ್‌ಗೆ ಬಿತ್ತಿ.