ಉಂಗುರ ಬಲಗೈಗೆ ಬಂದ ಹಾಡು

ಧಾರವಾಡದ ಓದುಗರೊಬ್ಬರ ಪತ್ರ: ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಜನಪದದಿಂದ ಬೆಳೆದ ಸಂಗೀತ) ಗಾಯಕಿ ಲೊರೆಟ್ಟಾ ಲಿನ್ ಅವರ ‘ವ್ಯಾನ್ ಲಿಯರ್ ರೋಸ್’ ಆಲ್ಬಂ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. 2004ರಲ್ಲಿ ವಿಮರ್ಶಕರು ಅದನ್ನು ಅಟ್ಟಕ್ಕೇರಿಸಿದ್ದು ಆಕೆಯ ವಯಸ್ಸಿನ ಮೇಲಿನ ಕರುಣೆಯಿಂದ. ಜೊತೆಗೆ ಅದನ್ನು ನಿರ್ಮಿಸಿದ ಜ್ಯಾಕ್ ವೈಟ್ ಎಂಬ ರಾಕ್ ಹುಡುಗನ ಹೆಸರು ಬೇರೆ. ಕಂಟ್ರಿ ರೇಡಿಯೊದವರೇ ಅದನ್ನು ಮೂಸಿ ನೋಡಲಿಲ್ಲ. ನೀವೂ ಅದೇ ರಾಗ ಹಾಡಬೇಕಿತ್ತಾ?

ಸಂಪಾದಕರ ಉತ್ತರ: ನಮಸ್ಕಾರ. ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ. 72ರ ಗಾಯಕಿ, 28ರ ನಿರ್ಮಾಪಕ ಅನ್ನುವ ಜೋಡಿಯೇ ಆಗ ದೊಡ್ಡ ಸುದ್ದಿಯಾಗಿತ್ತು. ವೈಟ್ ಬಂದು ಆಕೆಗೆ ಮರುಹುಟ್ಟು ಕೊಟ್ಟರು ಅನ್ನುವ ಧಾಟಿ ನನಗೂ ಹಿಡಿಸುವುದಿಲ್ಲ. ನಮ್ಮ ಲೇಖನದಲ್ಲೂ ಅವರ ಗಿಟಾರಿಗೇ ಜಾಸ್ತಿ ಜಾಗ ಹೋಯಿತು. ಅದು ನಮ್ಮ ತಪ್ಪು.

ಆದರೆ ಕರುಣೆ ಅಂದಿರಲ್ಲ, ಅದನ್ನು ಒಪ್ಪಲಾರೆ. ಆ 13 ಹಾಡುಗಳನ್ನೂ ಬರೆದವರು ಲೊರೆಟ್ಟಾ. ಒಂದರಲ್ಲಿ ಮಾತ್ರ ವೈಟ್ ಹೆಸರೂ ಸೇರಿದೆ. ‘ಫ್ಯಾಮಿಲಿ ಟ್ರೀ’ ಕೇಳಿ. ಗಂಡನನ್ನು ಬುಟ್ಟಿಗೆ ಹಾಕಿಕೊಂಡವಳ ಮನೆ ಬಾಗಿಲಿಗೇ ಹೆಂಡತಿ ಬಂದು ನಿಂತಿದ್ದಾಳೆ. ಒಬ್ಬಳೇ ಬಂದಿಲ್ಲ. ಮಕ್ಕಳನ್ನು ಕರೆತಂದಿದ್ದಾಳೆ, ಮನೆಯ ನಾಯಿಯನ್ನೂ ತಂದಿದ್ದಾಳೆ, ದುಡ್ಡು ಕಟ್ಟಲಾಗದೆ ಉಳಿದ ಬಿಲ್‌ಗಳನ್ನೂ ತಂದಿದ್ದಾಳೆ. ಆ ಬಿಲ್ ಇದೆಯಲ್ಲ, ಅದು ಸಂಸಾರ ಮಾಡಿದವರಿಗಷ್ಟೇ ಹೊಳೆಯುವ ವಿವರ. ಯಾವ ನಿರ್ಮಾಪಕನೂ ಅದನ್ನು ಸ್ಟುಡಿಯೊದಲ್ಲಿ ಕೂತು ಸೇರಿಸಲಾರ.

‘ಮಿಸ್ ಬೀಯಿಂಗ್ ಮಿಸೆಸ್’ ಅಂತ ಇನ್ನೊಂದಿದೆ. ಲೊರೆಟ್ಟಾಗೆ ಮದುವೆಯಾದದ್ದು 1948ರಲ್ಲಿ, ಗಂಡ ತೀರಿಕೊಂಡದ್ದು 1996ರಲ್ಲಿ. ಆತ ಕುಡುಕ, ಜಗಳಗಂಟ. ಆತನನ್ನು ಬೈದೇ ಎಷ್ಟೋ ಹಾಡು ಕಟ್ಟಿದವರು ಇಲ್ಲಿ ಮದುವೆ ಉಂಗುರವನ್ನು, ಅಲ್ಲಿ ಮದುವೆಯಾದವರು ಅದನ್ನು ತೊಡುವ ಎಡಗೈಯಿಂದ ತೆಗೆದು ಬಲಗೈಗೆ ಹಾಕಿಕೊಳ್ಳುತ್ತಾರೆ. ಅಷ್ಟೇ. ಅಳು ಇಲ್ಲ, ಗೋಳು ಇಲ್ಲ. ಆ ಸಾಲು ಬಂದಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ನೆ ಕೂತುಬಿಟ್ಟೆ.

ಇನ್ನು ರೇಡಿಯೊ ವಿಷಯ. ಗರ್ಭನಿರೋಧಕ ಮಾತ್ರೆಯ ಬಗ್ಗೆ ಆಕೆ ಹಾಡಿದ ‘ದಿ ಪಿಲ್’ ಹಾಡನ್ನು 1975ರಲ್ಲೇ ಎಷ್ಟೋ ಕೇಂದ್ರಗಳು ಹಾಕಲಿಲ್ಲ. ಆದರೂ ಅದು ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 5ನೇ ಜಾಗಕ್ಕೆ ಬಂತು. ಈ ಆಲ್ಬಂ ಕೂಡ ಕಂಟ್ರಿ ಆಲ್ಬಂಗಳ ಪಟ್ಟಿಯಲ್ಲಿ 2ನೇ ಜಾಗ ಹಿಡಿಯಿತು, ಮುಂದಿನ ವರ್ಷ ಎರಡು ಗ್ರ್ಯಾಮಿ ಸಂಗೀತ ಪ್ರಶಸ್ತಿ ಗೆದ್ದಿತು. ರೇಡಿಯೊದವರ ಬಾಗಿಲು ಮುಚ್ಚಿದ್ದರೂ ಜನ ಕೇಳಿದರು ಅಂತಾಯಿತು, ಅಲ್ವಾ?

ವೈಟ್ ಮಾಡಿದ ಕೆಲಸ ಸಣ್ಣದೇನಲ್ಲ. ಆಕೆಯ ದನಿಯನ್ನು ಅವರು ನುಣುಪು ಮಾಡಲು ಹೋಗಲಿಲ್ಲ. ‘ಲಿಟಲ್ ರೆಡ್ ಶೂಸ್’ನಲ್ಲಿ ಆಕೆ ಹಾಡುವುದೇ ಇಲ್ಲ. ಬಾಲ್ಯದ ಕತೆಯೊಂದನ್ನು ಹೇಳುತ್ತಾ ಹೋಗುತ್ತಾರೆ, ಸಂಗೀತ ಹಿಂದೆ ಹಿಂದೆ ಬರುತ್ತದೆ. ಕೆಂಟಕಿಯ ಗಣಿ ಕಾರ್ಮಿಕನ ಮಗಳ ಆ ರಾಗ, ಆ ಉಚ್ಚಾರಣೆ ಹಾಗೆ ಹಾಗೇ ಉಳಿದಿವೆ.

ನಿಮ್ಮಲ್ಲಿ ಒಂದು ಕೋರಿಕೆ. ಗಿಟಾರ್ ಅಬ್ಬರದ ‘ಪೋರ್ಟ್‌ಲ್ಯಾಂಡ್, ಒರೆಗನ್’ ಕೊನೆಗಿರಲಿ. ಮೊದಲು ಆ ಉಂಗುರದ ಹಾಡು ಕೇಳಿ. ಆಮೇಲೂ ಇದು ಕರುಣೆಯ ಹೊಗಳಿಕೆ ಅನ್ನಿಸಿದರೆ ಮತ್ತೆ ಬರೆಯಿರಿ. ಖಂಡಿತ ಅಚ್ಚು ಹಾಕುತ್ತೇವೆ.