ಐಯುಗೆ ಪಾತ್ರಗಳು ಸಿಕ್ಕಿದ್ದು ಬರೀ ಹೆಸರಿನ ಮೇಲಾ?

ನೀವು ಕೇಳಿದ್ದು ಇಷ್ಟು. ನೆಟ್‌ಫ್ಲಿಕ್ಸ್‌ನಲ್ಲಿ ‘ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್’ ನೋಡಿ ಮುಗಿಸಿದ್ದೀರಿ. ನಾಯಕಿ ಐಯು ಕೊರಿಯಾದ ದೊಡ್ಡ ಪಾಪ್ ಗಾಯಕಿ ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ಗಾಯಕರಿಗೆ ಜನಪ್ರಿಯತೆ ನೋಡಿ ಪಾತ್ರ ಕೊಡುತ್ತಾರಾ, ಇವರು ನಿಜವಾಗ್ಲೂ ನಟಿಯಾ, ಇವರದು ಇನ್ನೇನು ನೋಡಬಹುದು?

ಮೊದಲನೆಯದಕ್ಕೆ ಉತ್ತರ ಹೌದು. ಐಯುಗೂ ಮೊದಲ ಪಾತ್ರ ಹಾಡಿನ ಹೆಸರಿನ ಮೇಲೆಯೇ ಸಿಕ್ಕಿತು. ಆದರೆ ಅದೇ ಹೆಸರು ಆಮೇಲೆ ಆರೇಳು ವರ್ಷ ಅವರ ನಟನೆಗೆ ಅಡ್ಡ ಬಂತು ಅನ್ನೋದು ನನ್ನ ಅಭಿಪ್ರಾಯ. ಯಾವ ಪಾತ್ರ ಹಾಕಿದರೂ ಜನರಿಗೆ ಕಾಣುತ್ತಿದ್ದದ್ದು ಐಯುನೇ. ಅದು ತಪ್ಪಿದ್ದು 2018ರಲ್ಲಿ.

ಮೊದಲು ಅಲ್ಲಿನ ಪದ್ಧತಿ ಸ್ವಲ್ಪ ಹೇಳುತ್ತೇನೆ. ನಮ್ಮಲ್ಲಿ ಹಾಡೋರು ಒಬ್ಬರು, ತೆರೆ ಮೇಲೆ ತುಟಿ ಅಲ್ಲಾಡಿಸೋರು ಇನ್ನೊಬ್ಬರು. ಎಸ್‌ಪಿಬಿ ಥರ ಎರಡನ್ನೂ ಮಾಡಿದವರು ಕಡಿಮೆ. ಕೊರಿಯಾದ ಪಾಪ್ ಗಾಯಕರು ವಾರವಾರ ಟಿವಿಯ ಸಂಗೀತ ಕಾರ್ಯಕ್ರಮಗಳಲ್ಲಿ ಹಾಡಿ, ಕುಣಿದು, ಕ್ಯಾಮೆರಾ ಎಲ್ಲಿದೆ ಅಂತ ನೋಡದೆಯೇ ಗೊತ್ತು ಮಾಡಿಕೊಳ್ಳುವಷ್ಟು ಪಳಗಿರುತ್ತಾರೆ. ಮುಖ ಆಗಲೇ ಮನೆಮನೆಗೂ ಪರಿಚಯ. ಅಂಥವರನ್ನು ಧಾರಾವಾಹಿಗೆ ಹಾಕಿಕೊಂಡರೆ ಚಾನೆಲ್‌ಗೆ ಫ್ಯಾನ್ಸ್ ಪುಕ್ಕಟೆ ಬರುತ್ತಾರೆ, ಹೊರದೇಶಗಳಿಗೆ ಮಾರೋದೂ ಸುಲಭ.

ಗಾಯಕರನ್ನು ತಯಾರು ಮಾಡಿ ಕರಾರಿನಲ್ಲಿ ಇಟ್ಟುಕೊಳ್ಳುವ ಏಜೆನ್ಸಿಗಳ ಲೆಕ್ಕ ಬೇರೆ. 2009ರಲ್ಲಿ ಟಿವಿಎಕ್ಸ್‌ಕ್ಯೂ ಅನ್ನೋ ಪಾಪ್ ತಂಡದ ಮೂವರು ತಮ್ಮ ಕಂಪನಿ ಮಾಡಿಸಿಕೊಂಡ ವಿಪರೀತ ಉದ್ದದ ಕರಾರಿನ ವಿರುದ್ಧ ಕೋರ್ಟಿಗೆ ಹೋದರು. ಅದೇ ವರ್ಷ ಅಲ್ಲಿನ ಫೇರ್ ಟ್ರೇಡ್ ಕಮಿಷನ್ ಗಾಯಕರಿಗಾಗಿ ಒಂದು ಮಾದರಿ ಕರಾರು ಮಾಡಿತು. ಅದರ ಅವಧಿ ಏಳು ವರ್ಷ. ಅಷ್ಟು ಹೊತ್ತಿಗೆ ಎಷ್ಟೋ ತಂಡಗಳು ಚದುರಿಹೋಗುತ್ತವೆ. ಹಾಗಾಗಿ ತಂಡದಲ್ಲಿ ಇರುವಾಗಲೇ ಒಬ್ಬಿಬ್ಬರನ್ನು ನಟನೆಯ ಕಡೆ ತಳ್ಳೋದು ವಾಡಿಕೆಯಾಯಿತು. ಗರ್ಲ್ಸ್ ಜನರೇಷನ್‌ನ ಯೂನಾ, ಮಿಸ್ ಎ ತಂಡದ ಸೂಜಿ, ಎಕ್ಸೋದ ಡೋ ಕ್ಯುಂಗ್-ಸೂ ಎಲ್ಲರೂ ಇದೇ ದಾರಿಯಲ್ಲಿ ಬಂದವರು.

ಐಯು ಮಾತ್ರ ತಂಡದವರಲ್ಲ, ಒಬ್ಬರೇ ಹಾಡುವವರು. ನಿಜವಾದ ಹೆಸರು ಲೀ ಜಿ-ಉನ್, ಹುಟ್ಟಿದ್ದು 1993ರಲ್ಲಿ. ಮನೆ ಸಾಲದಲ್ಲಿ ಮುಳುಗಿ, ಅಜ್ಜಿ ಮತ್ತು ತಮ್ಮನ ಜೊತೆ ಜಿರಳೆ ಓಡಾಡುವ ಸಣ್ಣ ಕೋಣೆಯಲ್ಲಿ ಇದ್ದುದನ್ನು ಅವರೇ ಟಿವಿಯಲ್ಲಿ ಹೇಳಿಕೊಂಡಿದ್ದಾರೆ. ಹಲವು ಆಡಿಷನ್‌ಗಳಲ್ಲಿ ಬಿದ್ದು, ಕೊನೆಗೆ 2008ರಲ್ಲಿ ಹದಿನೈದನೇ ವಯಸ್ಸಿಗೆ ಮೊದಲ ಹಾಡು ಬಂತು. ಅದು ಓಡಲಿಲ್ಲ. 2010ರ ಡಿಸೆಂಬರ್‌ನಲ್ಲಿ ಬಂದ ‘ಗುಡ್ ಡೇ’ ಎಲ್ಲವನ್ನೂ ಬದಲಿಸಿತು. ಕೊನೆಯಲ್ಲಿ ಒಂದೇ ಉಸಿರಿನಲ್ಲಿ ಮೂರು ಮೆಟ್ಟಿಲು ಮೇಲೇರುವ ಸ್ವರ ಇದೆ, ಕೇಳಿ ನೋಡಿ. ಇಡೀ ದೇಶ ಆ ಮೂರು ಮೆಟ್ಟಿಲಿನ ಬಗ್ಗೆಯೇ ಮಾತಾಡಿತು.

ಅದಾಗಿ ತಿಂಗಳು ಕಳೆಯುವಷ್ಟರಲ್ಲಿ, 2011ರ ಜನವರಿಯಲ್ಲಿ, ‘ಡ್ರೀಮ್ ಹೈ’ ಶುರುವಾಯಿತು. ಸಂಗೀತ ಶಾಲೆಯ ಕಥೆ. ಅರ್ಧಕ್ಕರ್ಧ ಪಾತ್ರಗಳಲ್ಲಿ ಪಾಪ್ ಗಾಯಕರೇ ಇದ್ದಾರೆ. ಐಯುಗೆ ಸಿಕ್ಕಿದ್ದು ದಪ್ಪ ಇದ್ದು ಆಮೇಲೆ ತೆಳ್ಳಗಾಗುವ, ಚೆನ್ನಾಗಿ ಹಾಡುವ ಹುಡುಗಿಯ ಪಾತ್ರ. ಆ ಕಥೆಯ ಧೋರಣೆ ಈಗ ನೋಡಿದರೆ ಕಿರಿಕಿರಿ ಆಗುತ್ತೆ. ನಟನೆ ಮುದ್ದಾಗಿದೆ, ಅಷ್ಟೇ.

2013ರಲ್ಲಿ ಒಂದು ದೊಡ್ಡ ಜವಾಬ್ದಾರಿ ಬಂತು. ಕೆಬಿಎಸ್ ವಾಹಿನಿಯ ವಾರಾಂತ್ಯದ ಕುಟುಂಬ ಧಾರಾವಾಹಿ, ‘ಯೂ ಆರ್ ದ ಬೆಸ್ಟ್, ಲೀ ಸೂನ್-ಶಿನ್’. 50 ಎಪಿಸೋಡ್, ಇವರೇ ನಾಯಕಿ. ಆ ಹೊತ್ತಿನ ಧಾರಾವಾಹಿಗಳನ್ನು ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡುತ್ತಾರೆ. ಆಗ ಐಯುಗೆ ಇನ್ನೂ ಇಪ್ಪತ್ತು ವರ್ಷ. ನಾಯಕಿಯ ಹೆಸರು ಅಲ್ಲಿನ ಇತಿಹಾಸದ ಪ್ರಸಿದ್ಧ ನೌಕಾಪತಿಯ ಹೆಸರೇ ಆಗಿದ್ದರಿಂದ ಅದಕ್ಕೂ ಗಲಾಟೆ ಆಯಿತು. ನಾನು ಇದನ್ನು ಪೂರ್ತಿ ನೋಡಿಲ್ಲ, ತಾಳ್ಮೆ ಸಾಲಲಿಲ್ಲ. 2015ರ ‘ದ ಪ್ರೊಡ್ಯೂಸರ್ಸ್’ ಇಷ್ಟವಾಯಿತು. ಅದರಲ್ಲಿ ಅವರು ಸಿಂಡಿ ಅನ್ನೋ ಒಂಟಿ ಪಾಪ್ ತಾರೆ. ಹೊರಗೆ ಬಿಗುಮಾನ, ಒಳಗೆ ಯಾರೂ ಇಲ್ಲ. ಚೆನ್ನಾಗಿ ಮಾಡಿದ್ದಾರೆ. ಆದರೆ ಪಾಪ್ ತಾರೆ ಪಾಪ್ ತಾರೆಯ ಪಾತ್ರ ಮಾಡಿದರೆ ಜನ ಏನಂತಾರೆ? ಅದು ಅವರೇ ಅಲ್ವಾ ಅಂತಾರೆ.

ದೊಡ್ಡ ಏಟು ಬಿದ್ದಿದ್ದು 2016ರಲ್ಲಿ. ‘ಮೂನ್ ಲವರ್ಸ್’ ಅಂತ, ಈಗಿನ ಕಾಲದ ಹುಡುಗಿ ಗೊರ್ಯೊ ರಾಜವಂಶದ ಕಾಲಕ್ಕೆ ಹೋಗಿ ಬೀಳುವ ಕಥೆ. ಭಾರತದಲ್ಲಿ ಎಷ್ಟೋ ಜನ ಕೊರಿಯನ್ ಡ್ರಾಮಾ ಹುಚ್ಚು ಹಿಡಿಸಿಕೊಂಡಿದ್ದೇ ಇದರಿಂದ. ಕೊರಿಯಾದಲ್ಲಿ ಮಾತ್ರ ರೇಟಿಂಗ್ ಬರಲಿಲ್ಲ, ಮೊದಲ ಎಪಿಸೋಡ್‌ಗಳಿಂದಲೇ ಐಯು ನಟನೆಯನ್ನು ಹಿಗ್ಗಾಮುಗ್ಗಾ ಬೈದರು. ಆಗೆಲ್ಲ ಮಾಮೂಲಾಗಿ ಅಲ್ಲಿ ಧಾರಾವಾಹಿ ಪ್ರಸಾರ ಆಗುತ್ತಿರುವಾಗಲೇ ಮುಂದಿನ ಭಾಗದ ಶೂಟಿಂಗ್ ನಡೆಯುತ್ತಿತ್ತು. ಜನ ಬೈದರೆ ತಿದ್ದಿಕೊಳ್ಳಲು ಅವಕಾಶ ಇರುತ್ತಿತ್ತು. ಇದನ್ನು ಪೂರ್ತಿ ಮೊದಲೇ ಚಿತ್ರೀಕರಿಸಿ ಇಟ್ಟಿದ್ದರು. ಎರಡು ತಿಂಗಳು ಸುಮ್ನೆ ಬೈಸಿಕೊಳ್ಳೋದು ಬಿಟ್ಟರೆ ದಾರಿಯಿರಲಿಲ್ಲ. ನನ್ನ ಪ್ರಕಾರ ಬೈಗುಳದಲ್ಲಿ ಅರ್ಧ ನ್ಯಾಯ ಇತ್ತು. ಮೊದಲ ಭಾಗದಲ್ಲಿ ಕಣ್ಣರಳಿಸಿ ಬೆಚ್ಚಿಬೀಳೋದು ಜಾಸ್ತಿಯಾಯಿತು. ಕಥೆ ಕತ್ತಲಾಗುತ್ತಾ ಹೋದ ಹಾಗೆ ಅವರೂ ತಣ್ಣಗಾಗಿ, ಕೊನೆಯ ಐದಾರು ಎಪಿಸೋಡ್‌ಗಳಲ್ಲಿ ಬೇರೆಯೇ ನಟಿ ಕಾಣಿಸುತ್ತಾರೆ. ಅಷ್ಟರಲ್ಲಿ ಅಲ್ಲಿನ ಜನ ಚಾನೆಲ್ ಬದಲಿಸಿದ್ದರು. ಅದೇ ಸೋಮವಾರ, ಮಂಗಳವಾರ ಎದುರು ಚಾನೆಲ್‌ನಲ್ಲಿ ಓಡುತ್ತಿದ್ದ ಧಾರಾವಾಹಿಯ ನಾಯಕ ಯಾರು ಗೊತ್ತಾ? ನೀವು ‘ಟ್ಯಾಂಜರೀನ್ಸ್’ನಲ್ಲಿ ನೋಡಿದ ಪಾರ್ಕ್ ಬೋ-ಗಮ್.

ಇನ್ನು 2018. ಟಿವಿಎನ್ ವಾಹಿನಿಯ ‘ಮೈ ಮಿಸ್ಟರ್’. ಶುರುವಾಗುವ ಮುಂಚೆಯೇ ವಿವಾದ. ನಲವತ್ತು ದಾಟಿದ ಗಂಡಸು, ಇಪ್ಪತ್ತೊಂದರ ಹುಡುಗಿ, ಇದೇನು ಪ್ರೇಮಕಥೆ ಅಂತ. ನೋಡಿದರೆ ಅದು ಪ್ರೇಮಕಥೆಯೇ ಆಗಿರಲಿಲ್ಲ.

ಐಯು ಪಾತ್ರದ ಹೆಸರು ಜಿ-ಆನ್. ಕಟ್ಟಡಗಳ ಸುರಕ್ಷತೆ ನೋಡುವ ಎಂಜಿನಿಯರಿಂಗ್ ಕಂಪನಿಯಲ್ಲಿ ತಾತ್ಕಾಲಿಕ ಕೆಲಸ. ತಲೆ ಮೇಲೆ ಸಾಲ. ಮನೆಯಲ್ಲಿ ಕಿವಿ ಕೇಳದ, ಮಾತು ಬಾರದ ಅಜ್ಜಿ. ರಾತ್ರಿ ಪಾತ್ರೆ ತೊಳೆಯುವ ಕೆಲಸ, ತಟ್ಟೆಯಲ್ಲಿ ಮಿಕ್ಕಿದ್ದನ್ನು ಕಟ್ಟಿಕೊಂಡು ಬರುತ್ತಾಳೆ. ಆಫೀಸಿನಿಂದ ಇನ್‌ಸ್ಟಂಟ್ ಕಾಫಿ ಪೊಟ್ಟಣ ಕದ್ದು ತಂದು, ಕತ್ತಲೆ ಕೋಣೆಯಲ್ಲಿ ಕುಡಿಯುತ್ತಾಳೆ. ಚಳಿಗಾಲದಲ್ಲೂ ತೆಳು ಶೂ, ಹಿಮ್ಮಡಿಯ ಮೇಲೆ ಬರಿಗಾಲು ಕಾಣುತ್ತದೆ. ಯಾರ ಮುಖವನ್ನೂ ನೋಡಲ್ಲ, ಒಂದು ಮಾತು ಕೇಳಿದರೆ ಅರ್ಧ ಮಾತು ಹೇಳುತ್ತಾಳೆ. ವೇದಿಕೆ ಮೇಲೆ ಸಾವಿರಾರು ಜನ ತನ್ನನ್ನೇ ನೋಡುವ ಅಭ್ಯಾಸ ಇರುವವರು, ಆಫೀಸಿನಲ್ಲಿ ಯಾರ ಕಣ್ಣಿಗೂ ಬೀಳದ ಹುಡುಗಿ ಆಗಬೇಕಿತ್ತು. ಟೈಟಲ್ ಕಾರ್ಡಿನಲ್ಲೂ ಐಯು ಅಂತ ಇರಲಿಲ್ಲ, ಲೀ ಜಿ-ಉನ್ ಅಂತ ಹಾಕಿಸಿಕೊಂಡಿದ್ದರು.

ಆದರೆ ನನಗೆ ಮುಖ್ಯ ಅನಿಸೋದು ಇನ್ನೊಂದು. ದುಡ್ಡಿನ ಆಸೆಗೆ ಜಿ-ಆನ್ ತನ್ನ ಮೇಲಧಿಕಾರಿ ಡೋಂಗ್-ಹೂನ್‌ನ ಫೋನಿಗೆ ಕದ್ದು ಕೇಳುವ ಆ್ಯಪ್ ಹಾಕುತ್ತಾಳೆ. ಆಮೇಲೆ ಇಡೀ ಧಾರಾವಾಹಿ ಅವಳ ಕಿವಿಯಲ್ಲಿ ಇಯರ್‌ಫೋನ್. ಅವನು ನಡೆಯುವ ಸದ್ದು, ಏದುಸಿರು, ಅಣ್ಣ ತಮ್ಮನ ಜೊತೆ ಕುಡಿಯುತ್ತಾ ಆಡುವ ಮಾತು, ಒಬ್ಬನೇ ಇದ್ದಾಗಿನ ನಿಟ್ಟುಸಿರು. ಎದುರಿಗೆ ಯಾರೂ ಇಲ್ಲ. ಐಯು ಮುಖ ಮಾತ್ರ ಇದೆ. ಅದರ ಮೇಲೆ ನಮಗೆ ಕಾಣಬೇಕು: ಈ ಮನುಷ್ಯನನ್ನು ಬೀಳಿಸಲು ಬಂದವಳು ಅವನ ಪರ ಹೊರಳುತ್ತಿದ್ದಾಳೆ ಅಂತ. ಇಲ್ಲಿ ಅಳುವ ಹಾಗಿಲ್ಲ, ಕೂಗುವ ಹಾಗಿಲ್ಲ. ಬರೀ ಕೇಳಬೇಕು. ಹದಿನೈದನೇ ವಯಸ್ಸಿನಿಂದ ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿಕೊಂಡು ಉಸಿರಿನ ಏರಿಳಿತ ಕೇಳುತ್ತಾ ಬೆಳೆದವರಿಗೆ ಇದು ಒಗ್ಗಿದ ಕೆಲಸ ಅಂತ ನನಗನಿಸುತ್ತದೆ. ಅವರ ಗಾಯನ ನಟನೆಗೆ ನಿಜವಾಗಿ ಉಪಯೋಗಕ್ಕೆ ಬಂದ ಜಾಗ ಇದು. ‘ಡ್ರೀಮ್ ಹೈ’ನಲ್ಲಿ ಹಾಡಿಸಿದ್ದಕ್ಕಿಂತ ಇಲ್ಲಿ ಕೇಳಿಸಿಕೊಂಡಿದ್ದು ಹೆಚ್ಚು ಕೆಲಸ ಮಾಡಿದೆ. ಎದುರು ಪಾತ್ರದಲ್ಲಿ ಲೀ ಸುನ್-ಕ್ಯುನ್ ಇದ್ದಾರೆ. 2023ರ ಕೊನೆಯಲ್ಲಿ ತೀರಿಕೊಂಡರು. ಅವರ ದನಿ ಗೊತ್ತಿದ್ದವರಿಗೆ ಈ ದೃಶ್ಯಗಳು ಈಗ ಇನ್ನೂ ಭಾರ.

‘ಮೈ ಮಿಸ್ಟರ್’ನ ನಿರ್ದೇಶಕ ಕಿಮ್ ವೊನ್-ಸೋಕ್ ಬಗ್ಗೆಯೂ ಹೇಳಬೇಕು. 2014ರಲ್ಲಿ ‘ಮಿಸೇಂಗ್’ ಅನ್ನೋ ಆಫೀಸ್ ಕಥೆಗೆ ಅವರು ಝೀಎ ಅನ್ನೋ ಒಂಬತ್ತು ಜನರ ಗಾಯನ ತಂಡದ ಇಮ್ ಶಿ-ವಾನ್‌ನ ಹಾಕಿಕೊಂಡರು. ಬಾದುಕ್ ಅನ್ನೋ, ಕಪ್ಪು ಬಿಳಿ ಕಾಯಿಗಳ ಮಣೆಯಾಟದಲ್ಲಿ ವೃತ್ತಿಪರ ಆಗಲು ಸೋತು, ಡಿಗ್ರಿ ಇಲ್ಲದೆ ಕಂಪನಿಗೆ ಇಂಟರ್ನ್ ಆಗಿ ಬರುವ ಹುಡುಗ. ವರ್ಷಗಟ್ಟಲೆ ತರಬೇತಿ ಪಡೆದರೂ ಕೊನೆಗೆ ಆಯ್ಕೆಯಾಗದ ಸಂಕಟ ಪಾಪ್ ಲೋಕದವರಿಗೆ ಹೇಳಿಕೊಡಬೇಕಾಗಿಲ್ಲ. ಈ ನಿರ್ದೇಶಕರು ಗಾಯಕರ ಜನಪ್ರಿಯತೆ ಬದಿಗಿಟ್ಟು ಅವರ ದಣಿವನ್ನು ಬಳಸಿಕೊಳ್ಳುತ್ತಾರೆ. ‘ಟ್ಯಾಂಜರೀನ್ಸ್’ ಕೂಡ ಇವರದೇ.

‘ಮೈ ಮಿಸ್ಟರ್’ ನೋಡಿ ಮೆಚ್ಚಿದವರಲ್ಲಿ ಜಪಾನಿನ ನಿರ್ದೇಶಕ ಕೊರೆ-ಎಡಾ ಹಿರೊಕಾಜು ಒಬ್ಬರು. ಅವರು ಕೊರಿಯನ್‌ನಲ್ಲಿ ಮಾಡಿದ ‘ಬ್ರೋಕರ್’ ಸಿನಿಮಾಗೆ ಐಯುವನ್ನು ಕರೆದರು. 2022ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು, ಅದರ ನಾಯಕ ಸೋಂಗ್ ಕಾಂಗ್-ಹೋಗೆ ಶ್ರೇಷ್ಠ ನಟ ಪ್ರಶಸ್ತಿ ತಂದಿತು. ಐಯು ಹೆತ್ತ ಕೂಸನ್ನು ಬಿಟ್ಟುಬರುವ ತಾಯಿ. ಒಂದು ದೃಶ್ಯದಲ್ಲಿ ಹೋಟೆಲ್ ರೂಮಿನ ದೀಪ ಆರಿಸಿ, ಕತ್ತಲಲ್ಲಿ ಅಲ್ಲಿರುವ ಒಬ್ಬೊಬ್ಬರ ಹೆಸರು ಹಿಡಿದು, ನೀನು ಹುಟ್ಟಿದ್ದಕ್ಕೆ ಥ್ಯಾಂಕ್ಸ್ ಅಂತ ಹೇಳುತ್ತಾಳೆ. ಬರೆದಿಟ್ಟುಕೊಂಡು ಓದಿದರೆ ಸಿಹಿ ಜಾಸ್ತಿಯಾಗುವ ಮಾತು. ಅವರು ಅದನ್ನು ರಾಗ ಎಳೆಯದೆ, ಹೇಳಬೇಕಲ್ಲ ಅಂತ ಹೇಳಿದ ಹಾಗೆ ಹೇಳುತ್ತಾರೆ. ಅದಕ್ಕೇ ತಾಕುತ್ತದೆ.

ನೀವು ನೋಡಿದ ‘ಟ್ಯಾಂಜರೀನ್ಸ್’ನಲ್ಲಿ ಅವರಿಗೆ ಎರಡು ಪಾತ್ರ, ಜೆಜು ದ್ವೀಪದ ತರುಣಿ ಏ-ಸುನ್ ಮತ್ತು ಅವಳ ಮಗಳು ಗಮ್-ಮ್ಯೊಂಗ್. ಮುಖ ಒಂದೇ ಆದರೂ ಗೊಂದಲ ಆಗಲಿಲ್ಲ ಅಲ್ವಾ? ದನಿ ಗಮನಿಸಿ. ಅಮ್ಮನ ದನಿಯಲ್ಲಿ ದ್ವೀಪದ ಧಾಟಿ ಇದೆ, ಜಗಳದಲ್ಲೂ ಒಂದು ಜಿಗಿತ ಇದೆ. ಮಗಳು ಸೋಲ್‌ಗೆ ಓದಲು ಹೋದವಳು, ಹೆತ್ತವರ ಫೋನ್ ಬಂದರೆ ಮಾತು ತುಂಡು ಮಾಡುತ್ತಾಳೆ, ಆಮೇಲೆ ಒಳಗೇ ಕೊರಗುತ್ತಾಳೆ. ಇದರಲ್ಲಿ ಟೈಟಲ್ ಕಾರ್ಡಿನಲ್ಲಿ ಮತ್ತೆ ಐಯು ಅಂತಲೇ ಇದೆ. ಈಗ ಆ ಹೆಸರಿಗೆ ಹೆದರಬೇಕಾಗಿಲ್ಲ.

ಇಷ್ಟೆಲ್ಲ ಆದರೂ ಅವರು ಹಾಡು ಬಿಟ್ಟಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸೋಲ್‌ನ ಒಲಿಂಪಿಕ್ ಸ್ಟೇಡಿಯಂನಲ್ಲಿ ಎರಡು ದಿನ ಹಾಡಿದರು. ಅಲ್ಲಿ ಒಬ್ಬಳೇ ಕಾರ್ಯಕ್ರಮ ಕೊಟ್ಟ ಮೊದಲ ಕೊರಿಯನ್ ಗಾಯಕಿ ಅವರು. ಹೊಟ್ಟೆಪಾಡು ಹಾಡಿನಿಂದ ನಡೆಯುವಾಗ ಪಾತ್ರ ಆರಿಸುವ ಸ್ವಾತಂತ್ರ್ಯ ಇರುತ್ತದೆ. ಎಲ್ಲರಿಗೂ ಆ ಭಾಗ್ಯ ಇಲ್ಲ.

ಇದರಲ್ಲಿ ಒಂದು ಅನ್ಯಾಯವೂ ಇದೆ. ‘ಟ್ಯಾಂಜರೀನ್ಸ್’ನಲ್ಲಿ ಹೊಟ್ಟೆಪಾಡಿಗೆ ಸಮುದ್ರದಲ್ಲಿ ಮುಳುಗು ಹಾಕುವ, ಏ-ಸುನ್‌ಳ ಅಮ್ಮನ ಪಾತ್ರ ಮಾಡಿದ ಯೋಮ್ ಹೇ-ರಾನ್ ರಂಗಭೂಮಿಯಿಂದ ಬಂದವರು. ಜನ ಅವರ ಹೆಸರು ಗುರುತಿಸುವ ಹೊತ್ತಿಗೆ ನಲವತ್ತಾಗಿತ್ತು. ಕೊರಿಯಾದ ಟಿವಿ, ಸಿನಿಮಾಗಳಿಗೆ ಕೊಡುವ ಬೇಕ್‌ಸಾಂಗ್ ಪ್ರಶಸ್ತಿಯಲ್ಲಿ 2025ರಲ್ಲಿ ಈ ಪಾತ್ರಕ್ಕೆ ಪೋಷಕ ನಟಿ ಪ್ರಶಸ್ತಿ ಬಂತು. ಐಯುಗೆ ಹದಿನೇಳಕ್ಕೇ ಸಿಕ್ಕ ಅವಕಾಶ ಇಂಥವರಿಗೆ ಸಿಗಲಿಲ್ಲ. ಪಾಪ್ ಗಾಯಕರಿಗೆ ಪಾತ್ರ ಕೊಟ್ಟಾಗ ಅಲ್ಲಿನ ಜನ ರೇಗೋದು ಇದಕ್ಕೇ. ಆ ಸಿಟ್ಟು ನನಗೆ ತಪ್ಪು ಅಂತ ಅನಿಸಲ್ಲ.

ಇನ್ನು ಏನು ನೋಡಬೇಕು? ‘ಮೈ ಮಿಸ್ಟರ್’ ಮೊದಲು. ಆರಂಭ ನಿಧಾನ, ಮೊದಲ ಎಪಿಸೋಡ್‌ನಲ್ಲೇ ಜಿ-ಆನ್‌ಗೆ ಹೊಡೆಯುವ ದೃಶ್ಯ ಇದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅಜ್ಜಿಗೆ ಚಂದ್ರನನ್ನು ತೋರಿಸಲು ಸೂಪರ್ ಮಾರ್ಕೆಟ್ ಗಾಡಿಯಲ್ಲಿ ಕೂರಿಸಿಕೊಂಡು ತಳ್ಳಿಕೊಂಡು ಹೋಗುವ ದೃಶ್ಯ ಬರುವವರೆಗಾದರೂ ನೋಡಿ. ಅದೂ ಹಿಡಿಸದಿದ್ದರೆ ಬಿಟ್ಟುಬಿಡಿ. ಆಮೇಲೆ ‘ಬ್ರೋಕರ್’, ಎರಡು ಗಂಟೆಯ ಕೆಲಸ. ತಲೆ ಹಗುರ ಆಗಬೇಕು ಅಂದರೆ 2019ರ ‘ಹೋಟೆಲ್ ಡೆಲ್ ಲೂನಾ’ ಇದೆ, ದೆವ್ವಗಳಿಗೆ ಲಾಡ್ಜ್ ನಡೆಸುವ ಕೋಪಿಷ್ಠೆ. ಅದರಲ್ಲಿ ನಟನೆಗಿಂತ ಬಟ್ಟೆಗಳೇ ಹೆಚ್ಚು ನೆನಪಿರುತ್ತವೆ, ಅದೂ ಒಂದು ಖುಷಿ. ‘ಮೂನ್ ಲವರ್ಸ್’ ಕೊನೆಗೆ ಇಟ್ಟುಕೊಳ್ಳಿ.